ತರಕಾರಿ ಗಾಡಿಯ ತಬ್ಬಿಬ್ಬುಗಳು

ನೀವು ಸಾರಿಗೆ ಹಾಕುವ ಟೊಮೇಟೊ ಹೊಲದಿಂದ ನಿಮ್ಮ ಒಲೆಯವರೆಗೆ ನೆಟ್ಟಗೆ ಬಂದಿರುತ್ತದೆ ಅಂತ ನೀವು ನಂಬಿದ್ದರೆ, ನಂಬಿಕೊಂಡೇ ಇರಿ, ಊಟ ರುಚಿಸುತ್ತದೆ. ಅದನ್ನು ನೆಟ್ಟಗೆ ತಲುಪಿಸುವುದೇ ಏಳು ವರ್ಷದಿಂದ ನನ್ನ ಕೆಲಸ. ನೆಟ್ಟಗೆ ತಲುಪಿದ ದಿನಗಳೂ ಇವೆ. ಆದರೆ ಅವುಗಳಲ್ಲಿ ಹೇಳುವಂಥದ್ದು ಏನೂ ಇಲ್ಲ.

ಶಿಕಾರಿಪುರದಲ್ಲಿ ಸುತ್ತಿನ ಹಳ್ಳಿಗಳ ರೈತರು ಸೇರಿ ಮಾಡಿಕೊಂಡ ಒಂದು ಗುಂಪು ನಮ್ಮದು. ಒಂದು ತಗಡಿನ ಶೆಡ್ಡು, ಒಂದು ತಕ್ಕಡಿ, ಒಂದಷ್ಟು ಪ್ಲಾಸ್ಟಿಕ್ ಕ್ರೇಟು, ಒಂದು ಸಣ್ಣ ಗಾಡಿ. ಬೆಳಗ್ಗೆ ರೈತರು ತಂದ ತರಕಾರಿ ಕೂಡಿಸಿ, ಶಿರಾಳಕೊಪ್ಪದ ಮೇಲೆ ಹಾದು, ಸೊರಬದ ಕಡೆಯ ಅಂಗಡಿ, ಹೋಟೆಲು, ಅಡುಗೆಯವರಿಗೆ ಮುಟ್ಟಿಸುವುದು. ವಾಪಸು ಬರುವಾಗ ಆ ಕಡೆ ಬೆಳೆದ ಕುಂಬಳ, ಬಾಳೆಕಾಯಿ, ಸುವರ್ಣಗಡ್ಡೆ ತುಂಬಿಕೊಂಡು ಬರುವುದು. ನಾನು ಇದರ ಮೇಲ್ವಿಚಾರಕಿ. ರೈತರಿಗೂ ಗಿರಾಕಿಗಳಿಗೂ ಬೈಯಲು ಒಬ್ಬರು ಬೇಕಲ್ಲ, ಆ ಒಬ್ಬರು ನಾನು. ಇನ್ನು ನಮ್ಮಲ್ಲಿ ಕಾಯಂ ಇರುವವರು ಇಬ್ಬರು. ಗಾಡಿ ಓಡಿಸುವ ಡ್ರೈವರಣ್ಣ, ಶಿಕಾರಿಪುರದವನೇ. ಸೊಪ್ಪು ಆರಿಸಿ ಕಟ್ಟು ಕಟ್ಟುವ ಅಜ್ಜಿ, ಈಸೂರಿನವಳು. ಮೂವರಿಗೂ ಕೆಲಸ ಚೆನ್ನಾಗಿ ಗೊತ್ತು. ಮೂವರಿಗೆ ಗೊತ್ತಿರುವುದು ಮೂರು ಬೇರೆ ಬೇರೆ ಕೆಲಸ ಅನ್ನುವುದೇ ತೊಂದರೆ.

ಹತ್ತು ಮಗೆ

ಗಾಡಿ ಶುರುವಾದ ಮೊದಲ ತಿಂಗಳು. ಸೊರಬದ ಆಚೆಯ ಒಂದು ಊರಿನಿಂದ ಅಡುಗೆ ಭಟ್ಟರು ಫೋನು ಮಾಡಿದರು. ಮದುವೆ ಮನೆಗೆ ತರಕಾರಿ ಬೇಕಿತ್ತು. ಬೀನ್ಸು, ಕ್ಯಾರೆಟ್ಟು, ಕೊತ್ತಂಬರಿ ಎಲ್ಲ ಬರೆಸಿದ ಮೇಲೆ, "ಹಾಂ, ಮತ್ತೆ ಹತ್ತು ಮಗೆ ಬೇಕು ಅಮ್ಮಾ. ದೊಡ್ಡದೇ ಇರ್ಲಿ" ಅಂದರು.

ನಮ್ಮ ಶಿಕಾರಿಪುರದ ಕಡೆ ಮಗಿ ಅಂದರೆ ಮಣ್ಣಿನ ಗಡಿಗೆ. ತರಕಾರಿಯವರ ಹತ್ತಿರ ಗಡಿಗೆ ಯಾಕೆ ಕೇಳುತ್ತಾರೆ ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಮದುವೆ ಅಂದಮೇಲೆ ಶಾಸ್ತ್ರಕ್ಕೆ ಗಡಿಗೆ ಬೇಕೇ ಬೇಕು. ಅಲ್ಲದೆ ಗಿರಾಕಿ ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಅಂತ ನಮ್ಮ ಗುಂಪಿನ ಅಧ್ಯಕ್ಷರು ಹಿಂದಿನ ದಿನವಷ್ಟೇ ಹೇಳಿದ್ದರು.

"ಹೆಂಗಿರಬೇಕು ಭಟ್ರೇ?" ಅಂದೆ.

"ಗಟ್ಟಿ ಇರ್ಬೇಕು. ಬಿರುಕು ಬಿಟ್ಟದ್ದು ಬೇಡ. ಬಡಿದು ನೋಡಿ ತರ್ಲಿ."

ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳುತ್ತಾರೆ? ಡ್ರೈವರಣ್ಣ ಕುಂಬಾರರ ಮನೆಗೆ ಹೋಗಿ, ಒಂದೊಂದನ್ನೂ ಬೆರಳಿನಿಂದ ಬಡಿದು, ಕಿವಿಗೊಟ್ಟು, ಹತ್ತು ಗಡಿಗೆ ಆರಿಸಿ ತಂದ. ಹುಲ್ಲು ಹಾಸಿ ಕ್ರೇಟಿನಲ್ಲಿಟ್ಟು, ದಾರಿಯುದ್ದಕ್ಕೂ ಬಾಣಂತಿಯನ್ನು ಕರೆದೊಯ್ದ ಹಾಗೆ ನಿಧಾನ ಓಡಿಸಿಕೊಂಡು ಹೋದ.

ಬೆಳಗ್ಗೆ ಎಂಟಕ್ಕೆ ಭಟ್ಟರ ಫೋನು.

"ಅಮ್ಮಾ, ಎಂತ ಕಳ್ಸಿದೀರಿ ಇದು?"

"ಮಗಿ ಭಟ್ರೇ. ಹತ್ತು. ಯಾಕೆ, ಒಡೆದಾವೇನು?"

"ಒಡ್ದಿಲ್ಲ. ಇದನ್ನ ಹೆಚ್ಚೋದು ಹ್ಯಾಗೆ?"

"ಹೆಚ್ಚೋದ್ಯಾಕೆ?"

"ಹುಳಿಗೆ!"

"ಹುಳಿಗಾದ್ರೆ ಚೆನ್ನಾಗಿ ತೊಳೆದು ಒಲೆ ಮೇಲೆ ಇಡ್ರಿ. ಹೊಸದು, ಮೊದಲ ಸಲ ಸ್ವಲ್ಪ ಮಣ್ಣಿನ ವಾಸನೆ ಬರ್ತದೆ, ಅಷ್ಟೇ."

"ಅಲ್ಲ ಅಮ್ಮಾ, ಸಿಪ್ಪೆ ಹೆರೆದು ಬೀಜ ತೆಗೀಬೇಕಲ್ಲ!"

"ಮಗಿಯೊಳಗೆ ಬೀಜ ಎಲ್ಲಿಂದ ಬರ್ತದ್ರೀ?"

ಭಟ್ಟರು ಬೆಳಗ್ಗೆಯೇ ಏನಾದರೂ ಕುಡಿದಿದ್ದಾರೋ ಅಂತ ನನಗೆ ಅನುಮಾನ. ನನ್ನ ಬಗ್ಗೆ ಅವರಿಗೂ ಅದೇ ಅನುಮಾನ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ಮದುವೆ ಮನೆಯ ಹೆಂಗಸೊಬ್ಬರು ಫೋನು ಇಸಿದುಕೊಂಡು, "ಸಾಂಬಾರು ಸೌತೆ ಅಕ್ಕಾ. ನಮ್ಮಲ್ಲಿ ಅದಕ್ಕೆ ಮಗೆಕಾಯಿ ಅನ್ನೋದು" ಅಂದರು.

ಮುಹೂರ್ತಕ್ಕೆ ಎರಡು ತಾಸಿತ್ತು. ಡ್ರೈವರಣ್ಣ ಸೊರಬ ಪೇಟೆಯನ್ನೆಲ್ಲ ಸುತ್ತಿ, ಸೌತೆ ಸಿಗದೆ, ಒಂದು ಮೂಟೆ ಸೀಮೆಬದನೆ ತಂದು ಸುರಿದ. ಮದುವೆಯವರು ಹುಳಿಗೆ ಏನೆಂದರೋ, ಇನ್ನು ಭಟ್ಟರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ನಾನು ಎರಡು ದಿನ ಒದ್ದಾಡಿದೆ. ಮೂರನೇ ದಿನ ಅವರೇ ಫೋನು ಮಾಡಿದರು.

"ಅಮ್ಮಾ, ನಿಮ್ಮ ಗಡಿಗೇಲಿ ಮಜ್ಜಿಗೆ ತುಂಬಿಟ್ಟಿದ್ವಿ. ಆ ಸೆಕೆಗೆ ತಣ್ಣಗೆ ಅಮೃತ! ಉಂಡವರೆಲ್ಲ ಕೇಳಿದ್ದೇ ಕೇಳಿದ್ದು. ಮುಂದಿನ ವಾರ ಇನ್ನೊಂದು ಮದುವೆ ಉಂಟು. ಹತ್ತು ಮಗೆ ಕಳ್ಸಿ."

ನಾನು ಹುಷಾರಾಗಿ, "ಯಾವ ಮಗೆ ಭಟ್ರೇ?" ಅಂದೆ.

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಐದು ಹೆಚ್ಚೋದು, ಐದು ಒಡೆಯೋದು."

ಮೊದಲು ಬಂದದ್ದು ಮೊದಲು

ಸಣ್ಣ ಪೇಟೆಯಲ್ಲಿ ತರಕಾರಿ ಕೆಡದ ಹಾಗೆ ಸಾಗಿಸುವುದು ಹೇಗೆ ಅಂತ ಹೇಳಿಕೊಡಲು ಶಿವಮೊಗ್ಗದಿಂದ ಒಬ್ಬ ತರಬೇತಿಯವರು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಿಳಿ ಹಲಗೆ. ಮೊದಲ ಪಾಠದಲ್ಲೇ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಮೊದಲು ಬಂದದ್ದು ಮೊದಲು ಹೋಗಬೇಕು.

"ಇದೊಂದು ನೆನಪಿಟ್ಟುಕೊಳ್ಳಿ. ಯಾವ ಮಾಲು ಮೊದಲು ಒಳಗೆ ಬಂತೋ ಅದೇ ಮೊದಲು ಹೊರಗೆ. ಆಗ ಯಾವುದೂ ಕೊಳೆಯೋದಿಲ್ಲ" ಅಂದರು.

ಈಸೂರು ಬ್ರಿಟಿಷರ ಮಾತನ್ನೇ ಕೇಳದ ಊರು. ಆ ಊರಿನ ನಮ್ಮ ಅಜ್ಜಿ ಮಾತ್ರ ಇವರ ಮಾತನ್ನು ಅಕ್ಷರಕ್ಕೆ ಅಕ್ಷರ ಕೇಳಿಬಿಟ್ಟಳು. ಹಿಂದಿನ ದಿನದ್ದು ಎಂಟು ಕಟ್ಟು ಪಾಲಕ್ ಉಳಿದಿತ್ತು. ಅಜ್ಜಿ ಅದನ್ನೇ ಹೋಟೆಲಿಗೆ ಕಳಿಸಿದಳು. ಹಾಗೆ ಮಾಡಿದ್ದರಿಂದ ಆವತ್ತಿನ ತಾಜಾ ಸೊಪ್ಪಿನಲ್ಲಿ ಎಂಟು ಕಟ್ಟು ಉಳಿಯಿತು. ಮರುದಿನ ಅದನ್ನು ಮೊದಲು ಕಳಿಸಿದಳು. ಮರುದಿನದ ತಾಜಾ ಉಳಿಯಿತು. ಹೀಗೆ ವಾರವಿಡೀ ಹೊಲದಿಂದ ಮುತ್ತಿನಂಥ ಸೊಪ್ಪು ಬರುವುದು, ನಮ್ಮ ಶೆಡ್ಡಿನಲ್ಲಿ ಒಂದು ದಿನ ಕೂತು ಬಾಡುವುದು, ಬಾಡಿದ ಮೇಲೆ ಹೊರಡುವುದು.

ಹೋಟೆಲಿನವರು ಬೈದರು. ನಾನು ಅಜ್ಜಿಯನ್ನು ಕೇಳಿದೆ. ಅಜ್ಜಿ ಲೆಕ್ಕ ಒಪ್ಪಿಸಿದಳು.

"ಇವತ್ತಿಂದು ಇವತ್ತೇ ಕಳಿಸಿದ್ರೆ ನಿನ್ನೇದು ಉಳೀತತಿ. ನಿನ್ನೇದು ಕಳಿಸಿದ್ರೆ ಇವತ್ತಿಂದು ನಾಳೆ ಹೊತ್ತಿಗೆ ನಿನ್ನೇದಾಗ್ತತಿ. ನಂಗೇನು ಮಾಡು ಅಂತೀಯವ್ವ?"

ನಾನು ಬೆರಳು ಮಡಚಿ ಎಣಿಸಿದೆ. ಡ್ರೈವರಣ್ಣನೂ ಎಣಿಸಿದ. ಮುಂದಿನ ವಾರ ತರಬೇತಿಯವರು ಬಂದಾಗ ಅವರನ್ನೇ ಕೇಳಿದೆವು. ಅವರು ಹಲಗೆಯ ಮೇಲೆ ಸೋಮವಾರ, ಮಂಗಳವಾರ ಅಂತ ಬರೆದು ಬಾಣದ ಗುರುತು ಎಳೆಯತೊಡಗಿದರು. ಬುಧವಾರದ ಹೊತ್ತಿಗೆ ಬಾಣಗಳು ಒಂದಕ್ಕೊಂದು ತೊಡರಿಕೊಂಡು, ಯಾವುದು ನಿನ್ನೆಯದು ಯಾವುದು ನಾಳೆಯದು ಅವರಿಗೇ ತಿಳಿಯದಾಯಿತು. ಅಳಿಸಿ ಮತ್ತೆ ಶುರು ಮಾಡಿದರು. ಮಧ್ಯಾಹ್ನ ಒಂದೂವರೆ ಆಯಿತು. ರೈತರೆಲ್ಲ ಹಸಿದಿದ್ದರು. ಆದರೂ ಎದ್ದು ಹೋಗಲು ಎಲ್ಲರಿಗೂ ಸಂಕೋಚ.

ಅಜ್ಜಿಯೇ ಎದ್ದು ಕೈಮುಗಿದಳು. "ಸರ, ಬೇಜಾರು ಮಾಡ್ಕೋಬ್ಯಾಡ್ರಿ. ಇವತ್ತು ಶೆಡ್ಡಿಗೆ ಎಲ್ಲರಿಗಿಂತ ಮೊದಲು ಬಂದೋರು ನೀವೇ."

ತಾಜಾ ವೇಸ್ಟು

ಆ ಸೊಪ್ಪಿನ ಪ್ರಶ್ನೆಗೆ ಉತ್ತರ ಆಮೇಲೆ ಅಜ್ಜಿಯೇ ಕಂಡುಹಿಡಿದಳು. ಹೋಟೆಲಿನವರಿಗೆ ಎಷ್ಟು ಬೇಕು ಅಂತ ಹಿಂದಿನ ಸಂಜೆಯೇ ಕೇಳಿ, ಅಷ್ಟನ್ನೇ ಕೊಯ್ಯಿಸುವುದು. ಎಂಟು ಕಟ್ಟು ಉಳಿಯುವುದು ನಿಂತಿತು. ಕೋಸಿನ ಹೊರಗಿನ ಎಲೆಯನ್ನೂ ಹೊಲದಲ್ಲೇ ಬಿಡಿಸಿ ತರಲು ರೈತರಿಗೆ ಹೇಳಿದೆವು. ಶೆಡ್ಡು ಗುಡಿಸಿದ ಹಾಗೆ ಸ್ವಚ್ಛವಾಯಿತು. ನಮಗೆಲ್ಲ ಹೆಮ್ಮೆಯೋ ಹೆಮ್ಮೆ.

ಆ ವಾರವೇ ಹತ್ತಿರದ ಹಳ್ಳಿಯ ಕುರಿಯವರೊಬ್ಬರು ಸಿಟ್ಟಿನಿಂದ ಬಂದರು. ಇಪ್ಪತ್ತು ಕುರಿ ಸಾಕಿಕೊಂಡವರು. ಎರಡು ವರ್ಷದಿಂದ ದಿನಾ ಬೆಳಗ್ಗೆ ಬಂದು ನಮ್ಮಲ್ಲಿ ಉಳಿದ ಎಲೆ, ಸೊಪ್ಪು ಒಂದು ಚೀಲ ತುಂಬಿಕೊಂಡು ಹೋಗುತ್ತಿದ್ದರು. ಪುಕ್ಕಟೆಯೇ. ನಮಗೂ ಶೆಡ್ಡು ಖಾಲಿಯಾದರೆ ಸಾಕಾಗಿತ್ತು.

"ಏನ್ರಿ ಇದು, ನಾಕು ದಿನದಿಂದ ವೇಸ್ಟೇ ಇಲ್ಲ?"

"ಈಗ ವೇಸ್ಟ್ ಆಗದ ಹಾಗೆ ಮಾಡ್ಕೊಂಡಿದೀವಿ ಯಜಮಾನ್ರೇ" ಅಂದೆ, ಹೆಮ್ಮೆಯಿಂದ.

"ಮಾಡ್ಕೋಳೋಕೆ ಮುಂಚೆ ನಂಗೊಂದು ಮಾತು ಹೇಳಬೇಕಲ್ರಿ? ನಾನು ನಿಮ್ಮನ್ನ ನಂಬ್ಕೊಂಡು ಇನ್ನೂ ಆರು ಕುರಿ ತಂದೀನಿ!"

ಅವರು ಹೇಳುವುದರಲ್ಲಿ ನ್ಯಾಯ ಕಂಡಿತು. ಕಂಡ ಮೇಲೆ ನನ್ನ ತಲೆ ಇನ್ನಷ್ಟು ಕೆಟ್ಟಿತು. ವೇಸ್ಟು ಕಡಿಮೆ ಮಾಡಿದಿರಿ ಅಂತ ಗುಂಪಿನವರು ಹೊಗಳುತ್ತಾರೆ. ಕಡಿಮೆ ಮಾಡಿದ್ದಕ್ಕೆ ಇವರು ಬೈಯುತ್ತಾರೆ. ಕೊನೆಗೆ ಹೊಲದಲ್ಲಿ ಬಿಟ್ಟುಬರುತ್ತಿದ್ದ ಕೋಸಿನ ಎಲೆಯನ್ನು ಮತ್ತೆ ಗಾಡಿಯಲ್ಲಿ ಹಾಕಿಕೊಂಡು ಬರುವುದು ಅಂತ ಆಯಿತು. ಮಾರುವ ಕೋಸಿಗೊಂದು ಕ್ರೇಟು, ಕುರಿಯ ಎಲೆಗೊಂದು ಕ್ರೇಟು.

ಮೂರನೇ ದಿನ ಯಜಮಾನರು ಒಂದು ಚೀಲ ಎಲೆ ವಾಪಸು ತಂದು ನನ್ನ ಮೇಜಿನ ಮುಂದೆ ಇಳಿಸಿದರು.

"ಕುರಿ ಮೂಸಿ ನೋಡಿ ಬಿಟ್ಟುವು. ನಿನ್ನೇದು ಇದು. ನಮಗೆ ತಾಜಾ ವೇಸ್ಟು ಬೇಕ್ರಿ."

ಎರಡು ಉಳವಿ

ಡ್ರೈವರಣ್ಣನ ಮಗಳಿಗೆ ಮಗು ಹುಟ್ಟಿ, ಅವನು ನಾಲ್ಕು ದಿನ ರಜೆ ಹಾಕಿದ. ಬದಲಿಗೆ ಹಾವೇರಿ ಕಡೆಯ ಒಬ್ಬ ಡ್ರೈವರನ್ನು ಕರೆಸಿದೆವು. ನಲವತ್ತು ದಾಟಿದವನು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಒಂದೇ ಒಂದು ಕೆಟ್ಟ ಮಾತಿಲ್ಲ. ಎಷ್ಟು ಒಳ್ಳೆಯವನು ಸಿಕ್ಕ ಅಂತ ಖುಷಿಪಟ್ಟೆ.

ಆವತ್ತು ಉಳವಿಯ ಅಂಗಡಿಯವರಿಗೆ ಹನ್ನೆರಡು ಕ್ರೇಟು ಟೊಮೇಟೊ, ನಾಲ್ಕು ಮೂಟೆ ಕೋಸು ಮುಟ್ಟಿಸಬೇಕಿತ್ತು. ಊರಿನಲ್ಲಿ ಒಂದು ಗೃಹಪ್ರವೇಶ ಇತ್ತು. ಮರುದಿನದ ಅಡುಗೆಗೆ ಸಾಮಾನು. ನಾನು ಅವನಿಗೆ, "ಉಳವಿಗೆ ಹೋಗಬೇಕು. ದಾರಿ ಗೊತ್ತಾ?" ಅಂದೆ.

"ಉಳವಿ ದಾರಿ ಗೊತ್ತಿರಲಾರದವ ಯಾರ್ರಿ?" ಅಂದ. ಹಾಗನ್ನುವಾಗ ಕಣ್ಣು ಮುಚ್ಚಿ ಕೈ ಮುಗಿದ. ನನಗೆ ಆಗಲೇ ತಿಳಿಯಬೇಕಿತ್ತು. ಗಾಡಿಗೆ ಕೈ ಮುಗಿಯುತ್ತಿದ್ದಾನೆ ಅಂದುಕೊಂಡೆ.

ಬೆಳಗ್ಗೆ ಆರಕ್ಕೆ ಹೊರಟ. ಎಂಟೂವರೆಗೆಲ್ಲ ಮುಟ್ಟಬೇಕು. ಒಂಬತ್ತಕ್ಕೆ ಅಂಗಡಿಯವರ ಫೋನು, "ಗಾಡಿ ಬರ್ಲಿಲ್ಲ." ಹತ್ತಕ್ಕೆ ಫೋನು. ಹನ್ನೊಂದಕ್ಕೆ ಫೋನು. ಇವನ ಫೋನು ಸಿಗುತ್ತಲೇ ಇಲ್ಲ. ಗಾಡಿ ಎಲ್ಲಾದರೂ ಉರುಳಿತೋ ಅಂತ ನಾನು ಮೇಜಿಗೂ ಶೆಡ್ಡಿನ ಬಾಗಿಲಿಗೂ ಓಡಾಡಿದೆ. ಹನ್ನೆರಡೂವರೆಗೆ ಅವನೇ ಫೋನು ಮಾಡಿದ.

"ಮುಟ್ಟಿದೆ ನೋಡ್ರಿ ಮೇಡಂ."

"ಎಲ್ಲಿಗೆ?"

"ಉಳವಿಗೆ. ಗುಡಿ ಮುಂದ ನಿಂತೀನಿ. ನಿಮ್ಮ ಅಂಗಡಿಯವರು ಕಾಣವಲ್ಲರು."

ಜೀವ ಬಂತು. ಅಂಗಡಿಯವರಿಗೆ ಇನ್ನೊಂದು ಫೋನಿನಿಂದ ಹಚ್ಚಿದೆ. "ಬಂದಿದ್ದಾನಂತೆ, ದೇವಸ್ಥಾನದ ಮುಂದೆ ನಿಂತಿದ್ದಾನೆ."

"ಎಂತ ಮಾರಾಯ್ರೆ, ನಾನೂ ದೇವಸ್ಥಾನದ ಮುಂದೇ ನಿಂತಿರೋದು. ಇಲ್ಲೊಂದು ದನ ಬಿಟ್ರೆ ಯಾರೂ ಇಲ್ಲ."

ಎರಡು ಕಿವಿಗೆ ಎರಡು ಫೋನು ಹಿಡಿದು ನಡುವೆ ನಾನು. "ಕೈ ಎತ್ತಪ್ಪ" ಅಂತ ಡ್ರೈವರಿಗೆ ಹೇಳಿದೆ.

"ಎತ್ತೀನ್ರಿ."

"ಅವನು ಕೈ ಎತ್ತಿದ್ದಾನೆ, ನೋಡಿ" ಅಂತ ಅಂಗಡಿಯವರಿಗೆ ಹೇಳಿದೆ.

"ನಾನೂ ಎತ್ತಿದೀನಿ. ಕಾಣ್ತಿಲ್ಲ."

"ಅವರೂ ಎತ್ತಿದ್ದಾರಂತೆ" ಅಂತ ಇವನಿಗೆ ಹೇಳಿದೆ.

"ಇಲ್ಲಿ ಎಲ್ಲಾರೂ ಕೈ ಎತ್ತೇ ಮುಗಿಯಾಕತ್ತಾರ್ರಿ. ಅವರು ಯಾರಂತ ಹೆಂಗ ತಿಳೀಬೇಕು?"

ಆಗ ಒಂದು ಸಣ್ಣ ಅನುಮಾನ ನನ್ನ ತಲೆಯಲ್ಲಿ ಮಿಸುಕಾಡಿತು. "ಬರುವಾಗ ದಾರೀಲಿ ಸೊರಬ ಸಿಕ್ತಾ?"

"ಸೊರಬ? ಇಲ್ರಿ. ಆನವಟ್ಟಿ, ಹಾನಗಲ್ಲ, ಮುಂಡಗೋಡ, ಯಲ್ಲಾಪುರ ಸಿಕ್ಕುವು. ಆಮೇಲೆ ಬರೇ ಕಾಡು."

ನಾನು ಕುರ್ಚಿಯ ಮೇಲೆ ಕೂತೆ. ನಮ್ಮ ಸೊರಬದ ಉಳವಿ ಬಿಟ್ಟು, ಜನ ಬಂಡಿ ಕಟ್ಟಿಕೊಂಡು ಯಾತ್ರೆ ಹೋಗುವ ಆ ದೂರದ ಉಳವಿಗೆ ಹೋಗಿದ್ದ, ಹನ್ನೆರಡು ಕ್ರೇಟು ಟೊಮೇಟೊ ಸಮೇತ.

ತಿರುಗಿ ಬಾ ಅಂದರೆ ಟೊಮೇಟೊ ಮುದ್ದೆಯಾಗುತ್ತಿತ್ತು. ಅಲ್ಲೇ ಯಾತ್ರಿಕರ ಊಟದ ಅಡುಗೆಮನೆಗೆ ಕೊಟ್ಟುಬಿಡು ಅಂದೆ. ಈ ಕಡೆ ಗೃಹಪ್ರವೇಶದವರಿಗೆ ಶಿರಾಳಕೊಪ್ಪದಿಂದ ಬೇರೆ ಟೊಮೇಟೊ, ಕೋಸು ಹುಡುಕಿ, ಬಾಡಿಗೆ ಆಟೋದಲ್ಲಿ ಸಂಜೆಯೊಳಗೆ ಮುಟ್ಟಿಸಿದೆವು. ಅಂಗಡಿಯವರು ಮಾತ್ರ, "ಇನ್ನು ನಿಮ್ಮ ಸಹವಾಸ ಸಾಕು" ಅಂದುಬಿಟ್ಟರು.

ಮರುದಿನ ಆ ಡ್ರೈವರನ್ನು ಕರೆದುಕೊಂಡು ಕ್ಷಮೆ ಕೇಳಲು ನಾನೇ ಉಳವಿಗೆ ಹೋದೆ. ಹತ್ತಿರದ ಉಳವಿಗೆ. ಅಂಗಡಿಯವರು ಮುಖ ಊದಿಸಿಕೊಂಡು ಕೂತಿದ್ದರು. ಇವನು ಅವರ ಮುಂದೆ ಒಂದು ಪ್ರಸಾದದ ಪೊಟ್ಟಣ ಇಟ್ಟು, "ತಪ್ಪಾತ್ರಿ. ನಿಮ್ಮ ಟೊಮೇಟೊದಾಗ ಸಾವಿರ ಮಂದಿ ಉಂಡ್ರು. ನಿಮ್ಮ ಹೆಸರಲೇ ಸೇವಾ ಮಾಡ್ಸೀನಿ" ಅಂದ.

ಒಳಗಿನಿಂದ ಅಂಗಡಿಯವರ ತಾಯಿ ಗೋಡೆ ಹಿಡಿದುಕೊಂಡು ಬಂದರು. ಎಂಬತ್ತರ ಹತ್ತಿರದ ಜೀವ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮಗನ ಕಡೆ ತಿರುಗಿ, "ಇಪ್ಪತ್ತು ವರ್ಷದಿಂದ ಕರ್ಕಂಡು ಹೋಗು ಅಂತಿದೀನಿ, ನೀನು ಹೋಗ್ಲಿಲ್ಲ. ನಿನ್ನ ಟೊಮೇಟೊ ಹೋಗಿ ಬಂತು" ಅಂದರು.

ಮಗ ಎದ್ದು ನಮಗೆ ಕುರ್ಚಿ ಎಳೆದು ಕೊಟ್ಟರು. ನಾವು ಹೊರಟು ಗಾಡಿ ಹತ್ತುವಾಗ ಆ ತಾಯಿ ಮೆಟ್ಟಿಲವರೆಗೆ ಬಂದು ಡ್ರೈವರನ್ನು ಮೆಲ್ಲಗೆ ಕರೆದರು.

"ಮುಂದಿನ ಸಲ ದಾರಿ ತಪ್ಪೋದಾದ್ರೆ ಮೊದಲೇ ಒಂದು ಮಾತು ಹೇಳು ಮಗಾ. ನಾನೂ ಬರ್ತೀನಿ."

ಬೀಜಕ್ಕೆ

ಹೋದ ವರ್ಷದ ಮಾತು. ಕುಪ್ಪಗಡ್ಡೆಯಿಂದ ನಮಗೆ ಸಿಹಿಗುಂಬಳ ಕೊಡುವ ಒಬ್ಬ ರೈತರಿದ್ದಾರೆ. ಆ ಕಡೆ ಅದಕ್ಕೆ ಚೀನಿಕಾಯಿ ಅನ್ನುತ್ತಾರೆ. ಒಂದು ಬೆಳಗ್ಗೆ ಅವರ ಹೆಂಡತಿಯ ಫೋನು ಬಂತು. ದನಿ ಅಳುವ ಹಾಗಿತ್ತು.

"ಅಕ್ಕಾ, ಮೊನ್ನೆ ನಮ್ಮನೆಯವ್ರು ನಿಮ್ಮ ಗಾಡಿಗೆ ಚೀನಿಕಾಯಿ ಹಾಕಿದ್ರಲ್ಲ, ಅದ್ರಲ್ಲಿ ಒಂದು ಮಾರೋದಲ್ಲ. ಬೀಜಕ್ಕೆ ಬಿಟ್ಟಿದ್ದು. ನಮ್ಮ ಅಮ್ಮನ ಮನೆ ಬೀಜ. ಅಮ್ಮ ತೀರ್ಕೊಂಡ ಮೇಲೆ ತವರಿಂದ ಅಂತ ನನ್ನ ಹತ್ರ ಉಳಿದಿರೋದು ಆ ಬಳ್ಳಿ ಒಂದೇ. ಈ ವರ್ಷ ಹಂದಿ ನುಗ್ಗಿ ಆ ಬಳ್ಳಿಯ ಕಾಯೆಲ್ಲ ಹೋಗಿ ಒಂದೇ ಉಳಿದಿತ್ತು. ಎಳೇದಿದ್ದಾಗ್ಲೇ ಮೊಳೆಯಿಂದ ಅದ್ರ ಮೇಲೆ 'ಬೀಜಕ್ಕೆ' ಅಂತ ಗೀಚಿಟ್ಟಿದ್ದೆ, ಯಾರೂ ಕೊಯ್ಬಾರ್ದು ಅಂತ. ಇವ್ರು ನೋಡ್ದೆ ಎಲ್ಲದರ ಜೊತೆ ಹಾಕಿಬಿಟ್ಟಿದಾರೆ."

ಇಂಥ ಕಾಯಿ ಹೋದರೆ ಮತ್ತೆ ಬರುವುದಲ್ಲ. "ನೀವು ಅಳಬೇಡಿ, ಹುಡುಕ್ತೀನಿ" ಅಂದೆ. ಗಂಡ ಎಲ್ಲಿ ಅಂತ ಕೇಳಿದೆ. "ಕಾಯಿ ಇಲ್ದೆ ಮನೆಗೆ ಬರ್ಬೇಡಿ ಅಂತ ಕಳ್ಸಿದೀನಿ" ಅಂದರು.

ನಮ್ಮ ಶೆಡ್ಡಿನಲ್ಲಿ ಆ ಕಾಯಿ ಇರಲಿಲ್ಲ. ಹಿಂದಿನ ದಿನವೇ ಶಿಕಾರಿಪುರದ ಸಗಟು ವ್ಯಾಪಾರಿ ಎತ್ತಿಕೊಂಡು ಹೋಗಿದ್ದರು. ಅವರನ್ನು ಕೇಳಿದೆ. ಶಿರಾಳಕೊಪ್ಪದವರಿಗೆ ಕೊಟ್ಟೆ ಅಂದರು. ಶಿರಾಳಕೊಪ್ಪದವರನ್ನು ಕೇಳಿದೆ.

"ಕುಂಬಳಕಾಯಿ ಮೇಲೆ ಏನು ಬರೆದೈತಿ ಅಂತ ಓದಿ ಮಾರಕ್ಕೆ ಅದೇನು ಪೇಪರ್ರೇನ್ರೀ?" ಅಂತ ರೇಗಿದರು. ಆಮೇಲೆ ಪಾಪ ಅನ್ನಿಸಿ, ತಾವು ಸೊರಬದ ಮೂರು ಕಡೆ ಹಾಕಿದ್ದಾಗಿ ಹೇಳಿದರು: ಒಂದು ಹೋಟೆಲು, ಒಂದು ಹಾಸ್ಟೆಲು, ಒಂದು ತರಕಾರಿ ಅಂಗಡಿ.

ಫೋನು ಇಟ್ಟ ಮೇಲೆ ನನಗೆ ತಲೆ ಗಿರ್ರೆಂದಿತು. ಕುಪ್ಪಗಡ್ಡೆಯ ಪಕ್ಕದಲ್ಲೇ ಸೊರಬ. ಕಾಯಿಯನ್ನು ನಾವು ಸೊರಬ ದಾಟಿಸಿ ಶಿಕಾರಿಪುರಕ್ಕೆ ತಂದಿದ್ದೆವು. ಬೇರೆಯವರು ಅದನ್ನು ಮತ್ತೆ ಸೊರಬಕ್ಕೇ ಕೊಂಡುಹೋಗಿದ್ದರು. ಇಷ್ಟು ದಿನ ನಾನು ಮಾಡುತ್ತಿರುವ ಕೆಲಸ ಏನು ಅಂತ ನನಗೇ ಅರ್ಥವಾಗಲಿಲ್ಲ. ಅದನ್ನು ಯೋಚಿಸಲು ಪುರುಸೊತ್ತೂ ಇರಲಿಲ್ಲ.

ಹೋಟೆಲಿನವರು, "ನಮ್ದು ಆಗ್ಲೇ ಸಾಂಬಾರಾಯ್ತು. ಬರೆದದ್ದೆಲ್ಲ ಏನೂ ಇರ್ಲಿಲ್ಲ" ಅಂದರು. ಹಾಸ್ಟೆಲಿನ ಅಡುಗೆಯಾಕೆ, "ಹೌದು, ಒಂದರ ಮೇಲೆ ಎಂತದೋ ಬರ್ದಿತ್ತು" ಅಂದಳು.

"ಏನು ಬರೆದಿತ್ತು? ನೆನಪು ಮಾಡ್ಕೊಳ್ಳಿ."

ಆಕೆ ಬಹಳ ಹೊತ್ತು ನೆನಪು ಮಾಡಿಕೊಂಡು, "ಆರು ಕೆಜಿ" ಅಂದಳು.

ಉಳಿದದ್ದು ತರಕಾರಿ ಅಂಗಡಿ. ಅವರು, "ಅಯ್ಯೋ, ಇದ್ದದ್ದೊಂದೇ. ಈಗಷ್ಟೇ ಯಾರೋ ತಗೊಂಡು ಹೋದ್ರು. ಗುರುತಿಲ್ಲ. ಭಾರಿ ಗಡಿಬಿಡೀಲಿದ್ರು" ಅಂದರು.

ಅಲ್ಲಿಗೆ ಮುಗಿಯಿತು. ಕಾಯಿ ಯಾರದೋ ಅಡುಗೆಮನೆ ಸೇರಿತ್ತು. ಆ ಹೆಂಗಸಿಗೆ ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಡ್ರೈವರಣ್ಣನ ಜೊತೆ ಗಾಡಿಯಲ್ಲಿ ನಾನೇ ಕುಪ್ಪಗಡ್ಡೆಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಕಟ್ಟಿಕೊಂಡೆ, ಕೆಡವಿದೆ.

ಅವರ ಅಂಗಳಕ್ಕೆ ಕಾಲಿಡುವುದಕ್ಕೂ, ಆಕೆಯ ಗಂಡ ಹೆಗಲ ಮೇಲೆ ಒಂದು ಗೋಣಿಚೀಲ ಹೊತ್ತು ಹಿಂದಿನಿಂದ ಬರುವುದಕ್ಕೂ ಸರಿಹೋಯಿತು. ಮುಖ ಬೆವರಿನಲ್ಲಿ ಮಿಂಚುತ್ತಿತ್ತು.

"ಸಿಕ್ತು!" ಅಂದರು. "ಸೊರಬದ ಒಂದಂಗಡಿ ಬಿಡ್ದೆ ಹುಡುಕ್ದೆ. ಕೊನೆಗೆ ಸಿಕ್ತು."

ಚೀಲದಿಂದ ಕಾಯಿ ತೆಗೆದು ಜಗಲಿಯ ಮೇಲಿಟ್ಟರು. ದುಂಡನೆಯ ದೊಡ್ಡ ಕಾಯಿ, ಒಂದು ಮಗ್ಗುಲಿಗೆಲ್ಲ ಒಣಮಣ್ಣು ಮೆತ್ತಿಕೊಂಡಿತ್ತು. ಎದುರಿನ ಮಗ್ಗುಲಲ್ಲಿ ಅಕ್ಷರ ಕಾಣುತ್ತಿತ್ತು. ನನಗೆ ದೊಡ್ಡ ಹೊರೆ ಇಳಿದಂತಾಯಿತು. ಡ್ರೈವರಣ್ಣ ಅಲ್ಲಿಂದಲೇ ಕೈ ಮುಗಿದ.

ಹೆಂಡತಿ ಹತ್ತಿರ ಬಂದು ಬಗ್ಗಿ ಓದಿದರು. ಇನ್ನೊಮ್ಮೆ ಓದಿದರು.

"ಬಿಜಕ್ಕೆ" ಅಂದರು.

"ಹೌದಲ್ವಾ. ಅದೇ ಕಾಯಿ" ಅಂದರು ಗಂಡ.

"ನಾನು ಏಳನೇ ಕ್ಲಾಸು ಪಾಸಾದವ್ಳು. ನಾನು ಬರ್ದಿದ್ದಕ್ಕೆ ದೀರ್ಘ ಇತ್ತು."

"ಕಾಯಿ ದೊಡ್ಡದಾಗ್ತಾ ಆಗ್ತಾ ದೀರ್ಘ ಅಳಿಸಿ ಹೋಗಿರ್ಬೇಕು ಕಣೇ."

ಆಕೆ ಅಕ್ಷರದ ಮೇಲೆ ಬೆರಳು ಸವರಿ, ಬೆರಳನ್ನು ಗಂಡನ ಮುಖದ ಮುಂದೆ ಹಿಡಿದರು. ಬೆರಳಿಗೆ ಒದ್ದೆ ಒದ್ದೆಯಾಗಿ ರಸ ಅಂಟಿತ್ತು. ಮೂರು ತಿಂಗಳ ಹಿಂದೆ ಗೀಚಿದ್ದರಲ್ಲಿ ರಸ ಎಲ್ಲಿಂದ ಬರಬೇಕು?

ಗಂಡ ನನ್ನನ್ನು ನೋಡಿದರು. ಡ್ರೈವರಣ್ಣನನ್ನು ನೋಡಿದರು. ಯಾರಿಂದಲೂ ಸಹಾಯ ಬರಲಿಲ್ಲ. ತಲೆ ತಗ್ಗಿಸಿ ಹೇಳಿದರು, "ಎಲ್ಲ ಕಡೆ ಹುಡುಕ್ದೆ. ಯಾವ್ದಂತ ಗೊತ್ತಾಗ್ಲಿಲ್ಲ. ನೀನು ಅಳ್ತಾ ಕೂತಿರ್ತೀಯಲ್ಲ ಅಂತ ಸೊರಬದಲ್ಲಿ ಒಂದು ಕೊಂಡ್ಕೊಂಡು, ಬಸ್‌ಸ್ಟ್ಯಾಂಡಲ್ಲಿ ಕೂತು ಬೀಗದ ಕೈಯಿಂದ ನಾನೇ ಬರ್ದೆ."

ಆಕೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಜಗಲಿಯ ಅಂಚಿಗೆ ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. "ಹೋಗ್ಲಿ ಬಿಡಿ. ನೀವಾದ್ರೂ ಎಷ್ಟು ಅಂತ ಸುತ್ತೀರಿ" ಅಂದರು. ನಾನು ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿ, ಬರೀ "ತಪ್ಪಾಯ್ತು" ಅಂದೆ.

"ನಿಮ್ದೆಂತ ತಪ್ಪು ಅಕ್ಕಾ. ಬಿಸಿಲಲ್ಲಿ ಬಂದೀರಿ, ಉಂಡುಕೊಂಡೇ ಹೋಗಿ. ಇದನ್ನೇ ಹುಳಿ ಮಾಡ್ತೀನಿ" ಅಂತ ಎದ್ದು, ಕತ್ತಿಮಣೆ ತಂದಿಟ್ಟು, ಕಾಯಿಯನ್ನು ತೊಳೆಯಲು ಒಂದು ಚೊಂಬು ನೀರು ಸುರಿದು ಉರುಳಿಸಿದರು.

ಮಣ್ಣು ಕರಗಿ ಇಳಿಯಿತು. ಆ ಮಗ್ಗುಲಲ್ಲಿ, ಗಾಯ ಮಾಗಿದ ಹಾಗೆ ಉಬ್ಬಿ ಕಂದುಗಟ್ಟಿದ ದೊಡ್ಡ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಬೀಜಕ್ಕೆ. ದೀರ್ಘ ಸಮೇತ.

ಆಕೆ ಚೊಂಬನ್ನು ಹಿಡಿದುಕೊಂಡೇ ನಿಂತಿದ್ದರು. ನಾನು ಕಾಯಿಯ ಈ ಮಗ್ಗುಲು ನೋಡಿದೆ, ಆ ಮಗ್ಗುಲು ನೋಡಿದೆ. ಡ್ರೈವರಣ್ಣ ಎರಡೂ ಕಡೆಯದನ್ನು ಜೋರಾಗಿ ಓದಿ ನೋಡಿದ.

ಎಲ್ಲರಿಗಿಂತ ಮೊದಲು ಸುಧಾರಿಸಿಕೊಂಡವರು ಗಂಡ. ಹೆಗಲ ಮೇಲಿನ ಟವೆಲ್ಲು ಕೊಡವಿ ನನ್ನ ಕಡೆ ತಿರುಗಿದರು.

"ನಾ ಆಗ್ಲೇ ಹೇಳ್ಲಿಲ್ವಾ ಅಕ್ಕಾರೆ, ಅದೇ ಕಾಯಿ ಅಂತ? ಈ ಮನೇಲಿ ನನ್ನ ಮಾತು ಯಾರು ನಂಬ್ತಾರೆ!"